ಆಸ್ಪತ್ರೆಗೆ ಹೋಗುವ ಅಂಗಿ

ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದ ವರ್ಷ, ಅಪಾರ್ಟ್‌ಮೆಂಟಿನ ಗೇಟ್ ಕಾಯುತ್ತಿದ್ದ ಮರೆಪ್ಪ ಮತ್ತೊಮ್ಮೆ ಎಚ್ಚರ ತಪ್ಪಿ ಬಿದ್ದ. ಗೇಟಿನ ಪಕ್ಕದ ಖೋಲಿಯಿಂದ ಹೆಂಡತಿ ಹೊಳೆವ್ವ ಓಡಿ ಬಂದು, ಯಾವಾಗಿನಂತೆ ಅವನ ಕೊರಳ ಗುಂಡಿ ಬಿಚ್ಚಿ, ಸೆರಗಿನಿಂದ ಗಾಳಿ ಹಾಕಿದಳು. ಅವನು ಕಣ್ಣು ಬಿಟ್ಟು, ಏನೂ ಆಗದವನಂತೆ, “ಕಾರ್ ಒಳಗ ಹೋತೇನು?” ಎಂದ.

ಹೊಳೆವ್ವನಿಗೆ ತಲೆ ಕೆಟ್ಟುಹೋಯಿತು. ಬೆಂಗಳೂರಿನಲ್ಲಿ ಪುಕ್ಕಟೆ ಸಿಗುವುದೆಂದರೆ ಸಲಹೆ ಒಂದೇ. ನೊರೆಯ ವಾಸನೆಗೆ ಹೀಗಾಗಿದೆ ಎಂದರು ಒಬ್ಬರು. ಮೂರ್ಛೆರೋಗ ಎಂದು ಇನ್ನೊಬ್ಬರು ಅವನ ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಸೂಪರ್‌ವೈಸರ್ ಚಿನ್ನಪ್ಪನದು ಬೇರೆಯೇ ರಾಗ: “ಹಾರ್ಟ್ ಪೇಶೆಂಟ್‌ನ ಗೇಟಲ್ಲಿ ನಿಲ್ಲಿಸ್ಕೊಳ್ಳೋಕಾಗಲ್ಲ ಕಣಮ್ಮಾ. ಏನು ಕಾಯಿಲೆ ಅಂತ ಕೇಳ್ಕೊಂಡು ಬಾ.” ಕೆಲಸ ಹೋದರೆ ಖೋಲಿಯೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಸಲ ಈ ಮನುಷ್ಯ ಏಳದೇ ಹೋದರೆ ಎಂದು ಅವಳಿಗೆ ಹೆದರಿಕೆ.

ಆಸ್ಪತ್ರೆಗೆ ಹೋಗುವಾಗಲೆಲ್ಲ ಅವಳು ಅವನಿಗೆ ಮದುವೆ ಮನೆಗೆಂದು ಇಟ್ಟಿದ್ದ ಅಗಲ ಕೊರಳಿನ ಬಿಳಿ ಅಂಗಿ ತೊಡಿಸುತ್ತಿದ್ದಳು. ದೊಡ್ಡವರ ಮುಂದೆ ಗಂಡನನ್ನು ವಾಚ್‌ಮನ್ ಬಟ್ಟೆಯಲ್ಲಿ ನಿಲ್ಲಿಸಲು ಅವಳಿಗೆ ಮನಸ್ಸಿರಲಿಲ್ಲ. ಇಸಿಜಿ ಸರಿಯಿತ್ತು, ಸಕ್ಕರೆ ಸರಿಯಿತ್ತು, ತಲೆಯ ಸ್ಕ್ಯಾನೂ ಸರಿಯಿತ್ತು. ಎಲ್ಲ ಸರಿಯಿದ್ದರೆ ಮನುಷ್ಯ ಬೀಳುವುದು ಯಾಕೆ? ಇದಕ್ಕಿಂತ ಏನೋ ಒಂದು ಕಾಯಿಲೆ ಇದೆ ಎಂದಿದ್ದರೇ ವಾಸಿಯಿತ್ತು ಎನ್ನಿಸಿತು ಅವಳಿಗೆ.

ಡಾಕ್ಟರ್ ಸೌಮ್ಯಾ ಅವರಿಗೂ ಬಗೆಹರಿಯಲಿಲ್ಲ. “ಬೀಳೋವಾಗ ಏನ್ ಮಾಡ್ತಿದ್ರಿ?”

“ಹಾರ್ನ್ ಕೇಳಿಸ್ತರಿ, ಹಿಂದ ಹೊಳ್ಳಿ ನೋಡಿದ್ನಿ. ಅಷ್ಟ.”

“ಪ್ರತಿ ಸಲಾನೂ?”

“ಹೂನ್ರಿ.”

ಅವರು ಅಂಗಿಯ ಕೊರಳನ್ನೇ ದಿಟ್ಟಿಸಿದರು. “ನಾಳೆ ಯೂನಿಫಾರ್ಮಲ್ಲೇ ಬನ್ನಿ.”

ಮರುದಿನ ಯೂನಿಫಾರ್ಮ್ ಅಂಗಿಯೊಳಗೆ ಎದೆಗೆ ವೈರು ಅಂಟಿಸಿ ಕೂರಿಸಿದರು. ಡಾಕ್ಟರ್ ಹಿಂದಿನಿಂದ ಕರೆದರು. ಮರೆಪ್ಪ ಹೊರಳಿ ನೋಡಿದ. ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆ ಮಲಗಿಬಿಟ್ಟಿತು. ಅವನು ನರ್ಸಿನ ತೋಳಿಗೆ ಒರಗಿದ. ಹೊಳೆವ್ವ ಚೀರುತ್ತ ಹೋಗಿ ಗುಂಡಿ ಬಿಚ್ಚಿದಳು. ಗೆರೆ ಮತ್ತೆ ಕುಣಿಯತೊಡಗಿತು.

“ಕಾಲರ್ ಬಿಗಿ ಅಮ್ಮಾ. ಕತ್ತು ತಿರುಗಿಸಿದಾಗ ಅಲ್ಲಿನ ನರ ಒತ್ತುತ್ತೆ, ಎದೆಬಡಿತ ಸ್ವಲ್ಪ ಹೊತ್ತು ನಿಂತ್ಹೋಗುತ್ತೆ. ಸಡಿಲ ಬಟ್ಟೆ ಹಾಕ್ಲಿ. ಆಮೇಲೂ ಬಿದ್ರೆ ಪೇಸ್‌ಮೇಕರ್ ನೋಡೋಣ. ಬಿದ್ದಾಗೆಲ್ಲ ಗುಂಡಿ ಬಿಚ್ಚಿದ್ದು ನೀವೇನಾ? ಒಳ್ಳೇದೇ ಮಾಡಿದ್ರಿ.”

ಹಿಂದೆ ಊರಲ್ಲಿ ಕಲ್ಲು ಒಡೆದು ಮರಗಟ್ಟಿದ್ದ ಮರೆಪ್ಪನ ಬೆರಳಿಗೆ ಯೂನಿಫಾರ್ಮಿನ ಆ ಕೊರಳ ಗುಂಡಿ ಸಿಗುತ್ತಿರಲಿಲ್ಲ. ಚಿನ್ನಪ್ಪ ಬೈಯದಿರಲಿ ಎಂದು ದಿನಾ ಬೆಳಿಗ್ಗೆ ಗಂಡನ ಗದ್ದ ಎತ್ತಿ ಹಿಡಿದು ಅದನ್ನು ಹಾಕುತ್ತಿದ್ದವಳು ಅವಳೇ.

ಅವಳು ಅಲ್ಲೇ ಬಗ್ಗಿ ಆ ಗುಂಡಿಯನ್ನು ಹಲ್ಲಿನಿಂದ ಕಿತ್ತಳು.

“ಚಿನ್ನಪ್ಪ ಬೈತಾನ,” ಎಂದ ಮರೆಪ್ಪ.

“ಬೈಲಿ,” ಎಂದಳು ಅವಳು, ಅಳುತ್ತ.