ಕ್ರೇನಿನ ಒಳ್ಳೆಯ ನಡತೆ

ಭಾವ ಎರಕದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಾರೆ. ಈ ಗೋಡೆಯಿಂದ ಆ ಗೋಡೆಗೆ ಚಾಚಿದ ಕಬ್ಬಿಣದ ತೊಲೆ, ಅದರಡಿ ತೂಗುವ ಕ್ಯಾಬಿನ್ನಿನಲ್ಲಿ ಅವರ ಕುರ್ಚಿ. ಆ ತೊಲೆ ಇನ್ನೆಷ್ಟು ವರ್ಷ ಬಾಳುತ್ತದೆಂದು ಹೇಳುವ ಕೆಲಸ ಅಕ್ಕನ ಪಾಲಿಗೆ ಬಂತು. ಅಕ್ಕ ಎಂಜಿನಿಯರ್. ನಾನು ಓದು ಬಿಟ್ಟವಳು. ವೈರು ಹಿಡಿಯಲು, ಅಳತೆಯ ಪೆಟ್ಟಿಗೆ ಕಾಯಲು ಜೊತೆಗೆ ಹೋದೆ. ಮಾತಾಡಬೇಕಿಲ್ಲದ ಕೆಲಸ, ನನಗೆ ಹೇಳಿ ಮಾಡಿಸಿದಂತಿತ್ತು. ಭಾವ ನನ್ನನ್ನು ಕರೆಯುವುದೇ ಮಾತಿನಮಲ್ಲಿ ಅಂತ.

ಹೊರೆಗೆ ತೊಲೆ ಜಗ್ಗಿದಾಗಲೆಲ್ಲ ಪೆಟ್ಟಿಗೆಯ ಪರದೆಯ ಮೇಲೆ ಗೆರೆ ಏರುತ್ತಿತ್ತು, ಸಡಿಲವಾದರೆ ಇಳಿಯುತ್ತಿತ್ತು. ದೊಡ್ಡ ಏರಿಳಿತ, ಅದರ ಹೊಟ್ಟೆಯೊಳಗೆ ಸಣ್ಣ ಸಣ್ಣವು. ಸುಮ್ಮನೆ ಎಣಿಸಿದರೆ ಲೆಕ್ಕ ತಪ್ಪುತ್ತದಂತೆ. ಅಕ್ಕ ಗೆರೆಯನ್ನು ನೆಟ್ಟಗೆ ನಿಲ್ಲಿಸಿ, ಒಂದರ ಕೆಳಗೊಂದಿರುವ ಸೂರುಗಳ ಮೇಲೆ ಮಳೆನೀರು ಹರಿದಂತೆ, ಪ್ರತಿ ಏರಿಗೂ ಅದರ ಇಳಿತವನ್ನು ಜೋಡಿಸುತ್ತಿದ್ದಳು. ಏರಿಳಿತ ಇಮ್ಮಡಿಯಾದರೆ ಅದು ತೊಲೆಯ ಆಯಸ್ಸನ್ನು ಇಮ್ಮಡಿಯಲ್ಲ, ಎಂಟು ಹತ್ತು ಪಟ್ಟು ತಿನ್ನುತ್ತದೆ ಎಂದಳು.

ವಾರದ ಕೊನೆಗೆ ಲೆಕ್ಕ ಚೆನ್ನಾಗಿಯೇ ಬಂತು. ತೊಲೆ ಗಟ್ಟಿಯಾಗಿದೆ. ಸಂಜೆ ಊಟಕ್ಕೆ ಕೂತಾಗ ಅಕ್ಕ ಹೇಳಿದಳು. ಭಾವ ಮೀಸೆಯಡಿ ನಕ್ಕರು.

“ಇರದೆ ಏನು? ವಾರವೆಲ್ಲ ಕ್ರೇನನ್ನ ಎಳೆಗೂಸಿನ ಹಾಗೆ ನೋಡ್ಕೊಂಡಿದೀನಿ. ಹೆಂಡತಿ ಮರ್ಯಾದೆ ಪ್ರಶ್ನೆ ನೋಡು.”

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಬೇರೆ ದಿನ ಹೇಗೆ ಅಂತ ಕೇಳಿದಳು. ಭಾವ ಹೆಮ್ಮೆಯಿಂದಲೇ ಹೇಳಿದರು. ಅಚ್ಚಿನ ಮರಳಿನಲ್ಲಿ ಕಚ್ಚಿಕೊಂಡ ಎರಕ ಸುಲಭಕ್ಕೆ ಬರುವುದಿಲ್ಲ. ಎತ್ತಿ, ಸಡಿಲ ಬಿಟ್ಟು, ಮತ್ತೆ ರಪ್ಪನೆ ಜಗ್ಗಬೇಕು, ಕಿತ್ತು ಬರುವವರೆಗೂ. ಡ್ರೈವರುಗಳೆಲ್ಲ ಹಾಗೇ ಮಾಡುವುದು. ಈ ವಾರ ಮಾತ್ರ ಮರಳು ಬಿಡಿಸಿ ಎತ್ತಿದ್ದರು. ಇವತ್ತು ಮಧ್ಯಾಹ್ನ ಅಳತೆ ಮುಗಿಯಿತು ಅಂದ ಮೇಲೆ ಮೊದಲಿನಂತೆಯೇ.

ಪೆಟ್ಟಿಗೆಯ ವೈರನ್ನು ನಾವಿನ್ನೂ ಬಿಚ್ಚಿರಲಿಲ್ಲ, ಅದು ಅಳೆಯುತ್ತಲೇ ಇತ್ತು.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಭಾವ ಮೇಲೆ ಹತ್ತಿಯಾಗಿತ್ತು. ಅಕ್ಕ ನಿನ್ನೆ ಮಧ್ಯಾಹ್ನದ ಗೆರೆ ತೆರೆದಳು. ಅದು ಗೆರೆಯಲ್ಲ, ಗರಗಸ. ಅವಳು ಜೋಡಿಸಿದಳು, ಕೂಡಿಸಿದಳು, ಅಳಿಸಿ ಮತ್ತೆ ಕೂಡಿಸಿದಳು.

“ಇದರ ಆಯಸ್ಸು ಯಾವತ್ತೋ ಮುಗಿದಿದೆ ಕಣೇ.”

ಎದ್ದು ನಿಂತಳು. ಮೇಲೆ ತೊಲೆ ಹೊರೆ ಹೊತ್ತು ಬರುತ್ತಿತ್ತು. ಕೂಗಿದರೂ ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕೆಳಗಿನ ಕೆಲಸದವರು ಕ್ರೇನಿಗೆ ಕೈಸನ್ನೆ ಮಾಡುವುದನ್ನು ನಾನು ವಾರವೆಲ್ಲ ನೋಡಿದ್ದೆ. ಭಾವನಿಗೆ ಕಾಣುವಂತೆ ಕಾರ್ಖಾನೆಯ ನಡುವೆ ಓಡಿ ತೋಳು ಚಾಚಿದೆ: ನಿಲ್ಲಿಸು. ಆಮೇಲೆ ಬೆರಳು ಕೆಳಗೆ ಮಾಡಿ ಸುತ್ತಿಸಿದೆ: ಇಳಿಸು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆದರೂ ಕೈ ಇಳಿಸಲಿಲ್ಲ.

ಹೊರೆ ಮೆತ್ತಗೆ ನೆಲ ಮುಟ್ಟಿತು. ಭಾವ ಏಣಿ ಇಳಿದು ಬಂದರು.

ರಿಪೇರಿಯವನು ಮೇಲೆ ಹತ್ತಿ ತೊಲೆಯ ಅಡಿಯಲ್ಲಿ, ಬೆಸುಗೆಯ ಪಕ್ಕದ ಬಣ್ಣ ಕೆರೆದ. ಕೂದಲಿನಂಥ ಬಿರುಕು. ಕೆರೆದಷ್ಟೂ ಅದು ಮುಂದೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಅವನು ಕೆರೆಯುವುದನ್ನೇ ಬಿಟ್ಟ. ಅದು ಭಾವನ ಕುರ್ಚಿಯ ನೆತ್ತಿಯ ಮೇಲೇ ಇತ್ತು.

ಭಾವ ಅಲ್ಲೇ ಮರಳಿನ ಮೇಲೆ ಕೂತರು. ಅಕ್ಕ ಅವರ ಭುಜ ಹಿಡಿದುಕೊಂಡಳು. ಅವರು ನನ್ನತ್ತ ನೋಡಿದರು.

“ನೀವಿಬ್ಬರೂ ಪೆಟ್ಟಿಗೆ ಹತ್ತಿರ ಇದ್ದಿರಲ್ಲ, ಮಾತಿನಮಲ್ಲಿ. ಅಳತೆ ಇನ್ನೂ ನಡೀತಿದೆ ಅಂದ್ಕೊಂಡೆ,” ಎಂದರು. “ಅದಕ್ಕೇ ಇವತ್ತು ಜಗ್ಗಲಿಲ್ಲ.”