ಸೆರಗಿನ ಗುರುತು

ಕಟ್ಟೆಮಳಲವಾಡಿಯ ಮಡಿವಾಳರ ಚಿಕ್ಕಸಿದ್ದಮ್ಮ ಸಾಕಿದ ಎರಡು ಆಡು ಮಾರಿ, ಹುಣಸೂರಿನ ಅಂಗಡಿಯಲ್ಲಿ ಕನಕಾಂಬರ ಬಣ್ಣದ ರೇಷ್ಮೆ ಅಂಚಿನ ಸೀರೆ ಕೊಂಡಳು. ಚೌಕಾಸಿ ಮಾಡಲೂ ಮನಸ್ಸಾಗಲಿಲ್ಲ. ಅಲ್ಲಿಯವರೆಗೆ ಅವಳು ಉಟ್ಟು ಮೆರೆದ ಒಳ್ಳೆಯ ಸೀರೆಗಳೆಲ್ಲ ಊರಿನವರವು. ಒಗೆಯಲು ಬಂದದ್ದನ್ನು ಮದುವೆಗೆ ಉಟ್ಟು ಹೋಗಿ, ಆಮೇಲೆ ಒಗೆದು ಮಡಿಸಿ ಅವರವರ ಮನೆಗೆ ಮುಟ್ಟಿಸುವುದು ಅವರ ಕೇರಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ.

ಮಿರ್ಲೆಯಲ್ಲಿ ಅಕ್ಕನ ಮಗಳ ಮದುವೆ. ಇವಳು ಚಪ್ಪರಕ್ಕೆ ಕಾಲಿಟ್ಟದ್ದೇ ತಡ, ಅಕ್ಕ ಸೆರಗಿನ ಮೂಲೆ ತಿರುವಿ ನೋಡಿದಳು. ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಮಡಿವಾಳರು ಗೇರುಕಾಯಿಯ ಕಪ್ಪು ರಸದಲ್ಲಿ ಗುರುತು ಹಾಕುವುದು ಅಲ್ಲೇ; ಈ ಸೀರೆಯಲ್ಲಿ ಅದು ಕಾಣಲಿಲ್ಲ.

“ಯಾರ ಮನೇದಮ್ಮಿ? ಪಟೇಲರದಾ?”

“ನಂದೇ ಕಣಕ್ಕ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. “ಯೋಳ್ಕೊ, ಯೋಳ್ಕೊ! ನಾಳೀಕೆ ಜ್ವಾಪಾನವಾಗಿ ಮುಟ್ಟಿಸ್ಬುಡು” ಎಂದಳು ಅಕ್ಕ. ಚಿಕ್ಕಸಿದ್ದಮ್ಮ ಎಲೆಯಲ್ಲಿ ಪಾಯಸ ಬಿಟ್ಟು ಊಟದಿಂದ ಎದ್ದಳು.

ಮನೆಗೆ ಬಂದವಳೇ ಗೇರುಕಾಯಿಗೆ ಸೂಜಿ ಚುಚ್ಚಿ, ಸೆರಗನ್ನು ಮಂಡಿಯ ಮೇಲೆ ಹರಡಿಕೊಂಡಳು. ಊರಿನ ಎಂಬತ್ತು ಮನೆಗಳ ಗುರುತೂ ಅವಳಿಗೆ ಬಾಯಿಪಾಠ. ಅವಳ ಮನೆಗೆ ಮಾತ್ರ ಗುರುತೇ ಇರಲಿಲ್ಲ; ಬೇಕಾಗಿಯೂ ಇರಲಿಲ್ಲ. ಕೊಂಚ ಯೋಚಿಸಿ, ಇದುವರೆಗೆ ಯಾರಿಗೂ ಹಾಕದ ಒಂದು ಪುಟ್ಟ ಸೂರ್ಯನನ್ನು ಬರೆದಳು.

ಗಂಡ ದಾಸಯ್ಯ ಹೌಹಾರಿದ. “ಅಯ್ಯೋ, ಒಸ ಸೀರೆಗೆ ಯಾಕಮ್ಮಿ ಕರಿ ಬಳೀತೀಯ?”

“ನಾಳೆ ಒಳೇಲಿ ಊರೋರ ಬಟ್ಟೆ ಜೊತೆ ಇದೂ ಬೀಳ್ತದಲ್ಲ,” ರಸ ಆರಲೆಂದು ಸೆರಗಿಗೆ ಮೆಲ್ಲನೆ ಊದುತ್ತ ಅವಳೆಂದಳು. “ನಮ್ಮನೇದು ಅಂತ ಗೊತ್ತಾಗಬೇಡ್ವಾ?”