ವಾಲ್ವು ಹೊರಗೆ ಬಂದದ್ದು

ಹೊಳೆಪ್ಪ ಗೂಡ್ಸ್ ಗಾಡಿಯ ಡಬ್ಬಿಗಳ ಕೆಳಗೆ ಮಲಗಿ ಕೆಲಸ ಮಾಡಲು ತೊಡಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಗುಡಗೇರಿ ನಿಲ್ದಾಣದಿಂದ ಅರ್ಧ ಮೈಲು ಆಚೆ, ಎರೆಹೊಲಗಳ ಅಂಚಿಗೆ, ಕೆಟ್ಟ ಡಬ್ಬಿಗಳನ್ನು ತಂದು ನಿಲ್ಲಿಸುವ ಒಂದು ಸಣ್ಣ ಶೆಡ್ಡು. ಎರಡು ಹಳಿ, ತಗಡಿನ ಚಾವಣಿ, ಒಂದು ಬೇವಿನ ಮರ. ಅಲ್ಲಿ ಅವನು ಹಿರಿಯ ಫಿಟ್ಟರ್.

ಗೂಡ್ಸ್ ಗಾಡಿಯ ಬ್ರೇಕು ಗಾಳಿಯಿಂದ ನಡೆಯುತ್ತದೆ. ಎಂಜಿನ್ನಿನಿಂದ ಕಡೆಯ ಡಬ್ಬಿಯವರೆಗೆ ಒಂದು ಕೊಳವೆ, ಪ್ರತಿ ಡಬ್ಬಿಯ ಅಡಿಯಲ್ಲಿ ಒಂದು ವಾಲ್ವು. ಕೊಳವೆಯಲ್ಲಿ ಗಾಳಿಯ ಒತ್ತಡ ಇಳಿದರೆ ವಾಲ್ವು ಬ್ರೇಕು ಹಾಕುತ್ತದೆ, ಏರಿದರೆ ಬಿಡುತ್ತದೆ. ಅದು ಕಚ್ಚಿಕೊಂಡು ಕೂತರೆ ಬ್ರೇಕು ಬಿಡುವುದಿಲ್ಲ. ಗಾಲಿ ಕಾದು ಹೊಗೆ ಏಳುತ್ತದೆ. ಆಗ ಡಬ್ಬಿಯನ್ನು ಗಾಡಿಯಿಂದ ಬಿಡಿಸಿ ಶೆಡ್ಡಿಗೆ ತರಬೇಕು, ವಾಲ್ವನ್ನು ಬಿಚ್ಚಿ ಬೇರೆಯದನ್ನು ಕೂರಿಸಬೇಕು.

ಕಷ್ಟವಿದ್ದದ್ದು ಬಿಚ್ಚುವುದರಲ್ಲಿ. ಹಳೆಯ ಡಬ್ಬಿಗಳಲ್ಲಿ ವಾಲ್ವು ನಟ್ಟನಡುವೆ, ಎರಡು ಕಬ್ಬಿಣದ ತೊಲೆಗಳ ಸಂದಿಯಲ್ಲಿ, ಗಾಳಿ ಟಾಕಿಯ ಹಿಂದೆ ಇತ್ತು. ಅದರ ನಟ್ಟುಗಳು ಒಳಮುಖವಾಗಿದ್ದವು. ಜಲ್ಲಿಕಲ್ಲಿನ ಮೇಲೆ ಅಂಗಾತ ಮಲಗಿ, ತೆವಳಿ ಒಳಗೆ ಹೋಗಿ, ಟಾಕಿಯನ್ನು ಸುತ್ತಿ ಕೈ ಹಾಕಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ಕೊನೆಯ ನಟ್ಟು ಬಿಚ್ಚಿದ ಕೂಡಲೇ ಇಪ್ಪತ್ತು ಕಿಲೋಗೂ ಮಿಕ್ಕಿದ ಭಾರ ಎದೆಯ ಮೇಲೆ ಇಳಿಯುತ್ತದೆ. ಉಳಿದವರು ಎರಡು ತಾಸು ಹೆಣಗುತ್ತಿದ್ದ ಆ ಕೆಲಸವನ್ನು ಹೊಳೆಪ್ಪ ನಲವತ್ತು ನಿಮಿಷದಲ್ಲಿ ಮುಗಿಸುತ್ತಿದ್ದ. ಬೇರೆ ಶೆಡ್ಡುಗಳವರೂ ಅವನನ್ನು ಕರೆಸಿಕೊಳ್ಳುತ್ತಿದ್ದರು. ಆರು ವರ್ಷದ ಹಿಂದೆ ಒಮ್ಮೆ ವಾಲ್ವು ಕೈತಪ್ಪಿ ಬಿದ್ದು ಎಡಭುಜದ ಎಲುಬು ಮುರಿದಿತ್ತು. ಎಲುಬು ಕೂಡಿತು, ಆದರೆ ಕೈ ತಲೆಗಿಂತ ಮೇಲೆ ಏಳುತ್ತಿರಲಿಲ್ಲ. ಮಲಗಿ ಮಾಡುವ ಕೆಲಸಕ್ಕೆ ತಲೆಗಿಂತ ಮೇಲೆ ಎತ್ತುವ ಗರಜು ಇಲ್ಲವೆಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಸವಿತಾ ಆ ಶೆಡ್ಡಿಗೆ ಬಂದು ಎರಡು ವರ್ಷವಾಗಿತ್ತು. ಶಲವಡಿಯ ಕುರಿ ಸಾಕುವ ಮನೆತನದವಳು, ಮೂವತ್ತರ ಆಸುಪಾಸು. ಡಿಪ್ಲೊಮಾ ಮುಗಿಸಿ, ಪರೀಕ್ಷೆ ಬರೆದು ನೌಕರಿ ಹಿಡಿದಿದ್ದಳು. ಮೊದಲ ಸಲ ಒಬ್ಬಳೇ ವಾಲ್ವು ಬಿಚ್ಚಲು ಡಬ್ಬಿಯ ಕೆಳಗೆ ಹೋದಾಗ ಹೊರಗೆ ಬರಲು ಎರಡೂವರೆ ತಾಸು ಹಿಡಿಯಿತು. ಮುಖ ತೊಳೆದುಕೊಂಡು, ಬೇವಿನ ಮರದ ಕೆಳಗೆ ಕೂತು, ಬಹಳ ಹೊತ್ತು ಡಬ್ಬಿಯನ್ನೇ ನೋಡಿದಳು.

"ಕಾಕಾ, ಇದನ್ನ ಅಲ್ಲೇ ಯಾಕ ಹಚ್ಯಾರ್ರಿ?"

"ಹಚ್ಯಾರ, ಹಚ್ಯಾರ. ನಾವು ಬಿಚ್ಚಬೇಕು, ಬಿಚ್ಚತೀವಿ," ಎಂದ ಹೊಳೆಪ್ಪ.

"ಹಚ್ಚಿದಾಂವಾ ಮುಂದ ಯಾರರೆ ಬಿಚ್ಚತಾರ ಅನ್ನೂದನ್ನ ವಿಚಾರನ ಮಾಡಿಲ್ಲ ನೋಡ್ರಿ."

ಹೊಳೆಪ್ಪ ನಕ್ಕ. ಸವಿತಾ ಅಷ್ಟಕ್ಕೇ ಬಿಡಲಿಲ್ಲ. ಮರುವಾರದಿಂದ ಟೇಪು ಹಿಡಿದು ಡಬ್ಬಿಗಳ ಸುತ್ತ ಓಡಾಡಿದಳು. ಅಳತೆ ಬರೆದುಕೊಂಡಳು. ಎರಡು ತಿಂಗಳಾದ ಮೇಲೆ ಒಂದು ನಕ್ಷೆ ತಂದು ಶೆಡ್ಡಿನ ಎಂಜಿನಿಯರ್ ಸಿದ್ಧಾರೂಢನ ಮುಂದೆ ಹಾಸಿದಳು. ಅವಳ ಯೋಚನೆ ಸರಳವಾಗಿತ್ತು. ಡಬ್ಬಿಯ ಅಂಚಿನ ತೊಲೆಯ ಕೆಳಗೆ ಒಂದು ದಪ್ಪ ಕಬ್ಬಿಣದ ಫಲಕ. ಕೊಳವೆಗಳೆಲ್ಲ ಬಂದು ಫಲಕದ ಬೆನ್ನಿಗೆ ಸೇರಬೇಕು. ವಾಲ್ವು ಫಲಕದ ಮುಂದೆ ಕೂರಬೇಕು, ನಟ್ಟುಗಳು ಹೊರಮುಖವಾಗಿರಬೇಕು. ವಾಲ್ವು ಕೆಟ್ಟರೆ ಕೊಳವೆಗೆ ಕೈ ಹಚ್ಚುವ ಕಾರಣವಿಲ್ಲ, ಹಳಿಯ ಬದಿಗೆ ನಿಂತು ನಾಲ್ಕು ನಟ್ಟು ತೆಗೆದರೆ ಮುಗಿಯಿತು.

ಸಿದ್ಧಾರೂಢ ನಕ್ಷೆಯನ್ನು ಎರಡು ದಿನ ಇಟ್ಟುಕೊಂಡ. "ಓಡೂ ಗಾಡಿಗೆ ನಾವು ಹಿಂಗ ಮನಸ್ಸಿಗೆ ಬಂದಂಗ ಹಚ್ಚಾಕ ಬರಂಗಿಲ್ಲ," ಎಂದ. "ಗುಜರಿಗೆ ಹಾಕಿದ ಡಬ್ಬಿ ಒಂದ ಐತಲ್ಲ, ಅದಕ್ಕ ಮಾಡಿ ತೋರ್ಸು. ಮುಂದಿನ ತಿಂಗಳ ಮ್ಯಾಲಿನ ಸಾಹೇಬರು ಬರಾವ್ರು ಅದಾರ. ಅವರು ನೋಡಲಿ."

ಗುಡಗೇರಿಯಲ್ಲಿ ಸಂತೆಗೆ ಹೋಗುವ ದಾರಿಗೆ ಅತಾವುಲ್ಲಾನ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರು ಕಟ್ಟುವುದರಲ್ಲಿ ಅವನದು ಪಳಗಿದ ಕೈ. ಸವಿತಾ ಸೂಟಿಯ ದಿನ ಅಲ್ಲಿಗೆ ಹೋಗಿ ಕೂತು ಫಲಕ ಕೊಯ್ಯಿಸಿದಳು, ರಂಧ್ರ ಹಾಕಿಸಿದಳು. ಸ್ಪ್ಯಾನರು ಸರಾಗ ತಿರುಗಲೆಂದು ಫಲಕವನ್ನು ತೊಲೆಗಿಂತ ಆರು ಬೆರಳು ಹೊರಗೆ ಚಾಚಿಸಿದ್ದಳು. ಗುಜರಿ ಡಬ್ಬಿಗೆ ಅದನ್ನು ಕೂರಿಸಿದ ದಿನ ಶೆಡ್ಡಿನವರೆಲ್ಲ ಬಂದು ನೋಡಿದರು. ನೌಕರಿಗೆ ಸೇರಿ ತಿಂಗಳಾದ ಹುಡುಗಿ ರಾಜೇಶ್ವರಿ ಕೂಡ ಕಾಲು ತಾಸಿನಲ್ಲಿ ವಾಲ್ವು ಬಿಚ್ಚಿ ನೆಲಕ್ಕೆ ಇಳಿಸಿದಳು. ಹೊಳೆಪ್ಪ ದೂರ ನಿಂತು ನೋಡಿ, ತನ್ನ ಡಬ್ಬಿಯ ಕೆಳಗೆ ಹೋಗಿ ಮಲಗಿದ.

ಅಂದು ಸಂಜೆ ಮನೆಯಲ್ಲಿ ಹೆಂಡತಿ ನೀಲಕ್ಕ ಅವನ ಭುಜಕ್ಕೆ ಬಿಸಿ ಎಣ್ಣೆ ಹಚ್ಚುತ್ತಿದ್ದಳು. ಆರು ವರ್ಷದಿಂದ ನಡೆದು ಬಂದ ಕೆಲಸ ಅದು. ಅವನು ಸವಿತಾಳ ಫಲಕದ ಸುದ್ದಿ ಹೇಳಿದ.

"ಛಲೋ ಆತಲ್ಲ," ಎಂದಳು ನೀಲಕ್ಕ. "ಅದು ಹೊರಗ ಬಂದ್ರ ನಿಮಗೇನ ತ್ರಾಸು?"

"ತ್ರಾಸೇನಿಲ್ಲ."

"ಮತ್ತ ಮಾರಿ ಯಾಕ ಹಿಂಗ ಮಾಡೀರಿ?"

ಅವನು ಅಂಗಿ ತೊಟ್ಟುಕೊಂಡು ಎದ್ದ. ಇನ್ನೊಂದು ಮಾತಿತ್ತು, ಅದನ್ನು ಹೆಂಡತಿಗೂ ಹೇಳಲಿಲ್ಲ. ಫಲಕದಲ್ಲಿ ತಪ್ಪಿದೆ ಎಂಬುದು ಅವನಿಗೆ ನೋಡಿದ ಕೂಡಲೇ ತಿಳಿದಿತ್ತು.

ಸವಿತಾ ಅಳತೆ ತೆಗೆದದ್ದು ಖಾಲಿ ಡಬ್ಬಿಗಳದು, ಅದೂ ಸುತ್ತ ಏನೂ ಇಲ್ಲದ ಶೆಡ್ಡಿನಲ್ಲಿ. ಡಬ್ಬಿ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಮಾಲು ತುಂಬಿದರೆ ಎರಡು ಮೂರು ಬೆರಳು ಕೆಳಗೆ ಇಳಿಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಗಾಡಿಯನ್ನು ಪಕ್ಕದ ಹಳಿಗೆ ತಂದು ಧಾನ್ಯ ಇಳಿಸುವ ಸೈಡಿಂಗಿನಲ್ಲಿ ಪ್ಲಾಟ್‌ಫಾರಮ್ಮಿನ ಕಲ್ಲು ಡಬ್ಬಿಗೆ ತೀರ ಹತ್ತಿರ. ಅಲ್ಲಿ ಹಾದುಬಂದ ಡಬ್ಬಿಗಳ ಅಂಚಿನ ಬಣ್ಣ ಕೆರೆದುಹೋಗಿರುವುದನ್ನು ಹೊಳೆಪ್ಪ ಎಷ್ಟೋ ಸಲ ಕಂಡಿದ್ದ. ಆರು ಬೆರಳು ಹೊರಗೆ ಚಾಚಿದ ಫಲಕ ಅಲ್ಲಿ ಕಲ್ಲಿಗೆ ತಾಗುತ್ತದೆ. ತಾಗಿದರೆ ವಾಲ್ವು ಒಡೆಯುತ್ತದೆ, ಕೊಳವೆ ಕಿತ್ತುಬರುತ್ತದೆ.

ಸಾಹೇಬರು ಬರುವುದಕ್ಕೆ ಎಂಟು ದಿನ ಉಳಿದಿತ್ತು. ಹೊಳೆಪ್ಪ ಒಂದು ದಿನ ಸುಮ್ಮನಿದ್ದ. ಎರಡನೆಯ ದಿನವೂ ಸುಮ್ಮನಿದ್ದ. ಬರುವವರಲ್ಲಿ ಯಾರಾದರೂ ತಿಳಿದವರಿದ್ದರೆ ಅವರೇ ಈ ತಪ್ಪು ಹಿಡಿಯುತ್ತಾರೆ. ನಕ್ಷೆ ಕಪಾಟಿಗೆ ಹೋಗುತ್ತದೆ. ವಾಲ್ವು ಇದ್ದಲ್ಲಿ ಇರುತ್ತದೆ. ಅವನು ಏನೂ ಮಾಡಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆದರೆ ಬರುವವರು ತಪ್ಪು ಹಿಡಿಯದೆ ಹೋದರೆ ಎಂಬ ಮಾತೂ ತಲೆಯಲ್ಲಿ ಓಡುತ್ತಿತ್ತು. ಮೂರನೆಯ ದಿನ ಒಂದು ಡಬ್ಬಿಯ ಕೆಳಗೆ ಮಲಗಿದ್ದಾಗ, ಮೂರನೆಯ ನಟ್ಟಿಗೆ ಕೈ ಹಾಕಿದವನು ಅಲ್ಲಿಯೇ ಬಿಟ್ಟು ಹೊರಗೆ ಬಂದ. ಹಾಗೆ ಅರ್ಧಕ್ಕೆ ಬಿಟ್ಟು ಬಂದದ್ದು ಇಪ್ಪತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

"ಸವಿತಾ, ನಡೀ. ಸೈಡಿಂಗಿಗೆ ಹೋಗೂಣು."

"ಈಗ ಯಾಕ್ರಿ?"

"ತೋರ್ಸೂದು ಐತಿ. ಟೇಪು ತಗೋ."

ಬಿಸಿಲಲ್ಲಿ ಇಬ್ಬರೂ ಹಳಿಯ ಬದಿಗೆ ನಡೆದು ಹೋದರು. ಸೈಡಿಂಗಿನಲ್ಲಿ ಜೋಳದ ಚೀಲ ತುಂಬಿದ ಗಾಡಿ ನಿಂತಿತ್ತು, ಹಮಾಲರು ಊಟಕ್ಕೆ ಕೂತಿದ್ದರು. ಹೊಳೆಪ್ಪ ಪ್ಲಾಟ್‌ಫಾರಮ್ಮಿನ ಮೇಲೆ ಮಂಡಿಯೂರಿ, ಕಲ್ಲಿನ ಅಂಚು ಮತ್ತು ಡಬ್ಬಿಯ ತೊಲೆಯ ನಡುವೆ ತನ್ನ ಅಂಗೈಯನ್ನು ಅಡ್ಡ ಇಳಿಸಿದ. ನಾಲ್ಕು ಬೆರಳು ಹಿಡಿದವು, ಹೆಬ್ಬೆರಳು ಹಿಡಿಯಲಿಲ್ಲ.

ಸವಿತಾ ಟೇಪು ಹಿಡಿದು ಅಳೆದಳು. ಮತ್ತೆ ಅಳೆದಳು. ಇನ್ನೊಂದು ಡಬ್ಬಿಗೆ ಹೋಗಿ ಅಲ್ಲಿಯೂ ಅಳೆದಳು. ಅವಳ ಮುಖ ಕೆಂಪೇರಿತು.

"ನಂದು ಆರ್ ಬೆರಳ ಹೊರಗ ಬರತೈತಿ," ಎಂದಳು.

"ಹೌದು."

"ನಿಮಗ ಯಾವಾಗ ಗೊತ್ತಾತ್ರಿ?"

"ಕೂಡ್ಸಿದ ದಿನನ."

"ಮೂರ್ ದಿನಾ ಆತಲ್ರಿ ಕಾಕಾ. ಮೊದ್ಲ ಯಾಕ ಹೇಳ್ಲಿಲ್ಲ?"

ಏನಾದರೂ ನೆಪ ಹೇಳಬಹುದಿತ್ತು. ಖಾತ್ರಿ ಇರಲಿಲ್ಲ ಅನ್ನಬಹುದಿತ್ತು. ಹೊಳೆಪ್ಪ ಎದ್ದು ಮಂಡಿಯ ಧೂಳು ಕೊಡವಿಕೊಂಡ.

"ಹೇಳೂ ಮನಸ್ಸಿರ್ಲಿಲ್ಲ," ಎಂದ.

ಅವಳು ಟೇಪು ಸುತ್ತಿಕೊಂಡು ಅವನಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆದಳು. ಶೆಡ್ಡು ಬರುವತನಕ ತಿರುಗಿ ನೋಡಲಿಲ್ಲ.

ಉಳಿದ ದಿನಗಳಲ್ಲಿ ಅವಳು ಅವನೊಂದಿಗೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದಳು. ಫಲಕವನ್ನು ಒಳಕ್ಕೆ ಎಳೆಯಬೇಕಾಯಿತು. ಒಳಕ್ಕೆ ಎಳೆದರೆ ಮೇಲಿನ ತೊಲೆ ಅಡ್ಡಬಂದು ಸ್ಪ್ಯಾನರು ತಿರುಗಲಿಲ್ಲ. ಎರಡು ಸಲ ಕೊಯ್ದು ಎರಡು ಸಲ ಬೆಸೆದ ಮೇಲೆ ಅತಾವುಲ್ಲಾನೇ ಬೇಸತ್ತು ಕೇಳಿದ: "ಫಲಕದ ಮಾರಿ ಸೀದಾ ಹೊರಗನ ಇರಬೇಕೇನವಾ? ಅರ್ಧಾ ತೆರದ ಬಾಗಲದಂಗ ಓರಿ ಮಾಡಿದ್ರ ಆಗಂಗಿಲ್ಲೇನು?" ಓರೆ ಮಾಡಿದರು. ಫಲಕ ತೊಲೆಯ ಒಳಗೇ ಉಳಿಯಿತು, ನಟ್ಟುಗಳು ಕೈಗೂ ಕಣ್ಣಿಗೂ ಸಿಕ್ಕವು.

ಅದನ್ನು ಡಬ್ಬಿಗೆ ಕೂರಿಸುವಾಗ ಹೊಳೆಪ್ಪ ಕರೆಯದಿದ್ದರೂ ಬಂದ. ಅವನ ಕೈಯಲ್ಲಿ ಎರಡು ಬೆರಳು ಅಗಲದ ಒಂದು ಕಬ್ಬಿಣದ ಪಟ್ಟಿ ಇತ್ತು.

"ಇದನ್ನ ಕೆಳಗ ಹಚ್ಚು. ಕಡೀ ನಟ್ಟ ತಗದಾಗ ಭಾರ ಇದರ ಮ್ಯಾಲ ಕೂಡತೈತಿ. ಕೈಮ್ಯಾಲ ಬರಂಗಿಲ್ಲ."

ಸವಿತಾ ಪಟ್ಟಿ ತೆಗೆದುಕೊಂಡು ನೋಡಿದಳು. ಅದರ ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಲಾಗಿತ್ತು. ಅವಳು ಅವನ ಎಡಭುಜದ ಕಡೆ ಒಮ್ಮೆ ನೋಡಿ, ಅತಾವುಲ್ಲಾನಿಗೆ ಅದನ್ನು ಬೆಸೆಯಲು ಹೇಳಿದಳು.

ಸಾಹೇಬರು ಮೂವರು ಬಂದರು. ಮೊದಲು ಕೇಳಿದ್ದೇ ಪ್ಲಾಟ್‌ಫಾರಮ್ಮಿನ ಸಂದು ಎಷ್ಟು ಎಂದು. ಸವಿತಾ ತಡವರಿಸದೆ ಅಂಕಿ ಹೇಳಿದಳು. ಆಮೇಲೆ ಗಡಿಯಾರ ಹಿಡಿದು ಪರೀಕ್ಷೆ ಮಾಡಿದರು. ರಾಜೇಶ್ವರಿ ಹದಿನಾಲ್ಕು ನಿಮಿಷಕ್ಕೆ ಹಳೆಯ ವಾಲ್ವು ಇಳಿಸಿ ಹೊಸದನ್ನು ಏರಿಸಿದಳು. ಸವಿತಾ ಹನ್ನೊಂದಕ್ಕೆ. ಎಲ್ಲರಿಗಿಂತ ಹಿರಿಯ ಫಿಟ್ಟರೂ ಒಮ್ಮೆ ಮಾಡಲಿ ಎಂದರು ಅವರಲ್ಲೊಬ್ಬರು.

ಹೊಳೆಪ್ಪ ಫಲಕದ ಮುಂದೆ ನಿಂತ. ಹಗಲು ಬೆಳಕಿನಲ್ಲಿ, ಎದೆಯ ಎತ್ತರಕ್ಕಿಂತ ತುಸು ಕೆಳಗೆ, ಡಬ್ಬಿಗೆ ಕೂತ ವಾಲ್ವು ಪೂರ್ತಿ ಕಾಣುತ್ತಿತ್ತು. ಮೇಜಿನ ಮೇಲೆ ಬಿಚ್ಚಿ ಹಾಕಿದ್ದನ್ನು ಸಾವಿರ ಸಲ ನೋಡಿದ್ದರೂ ಡಬ್ಬಿಗೆ ಕೂತದ್ದನ್ನು ಅವನು ಬೆರಳಿನಿಂದ ಮಾತ್ರ ಬಲ್ಲವನಾಗಿದ್ದ. ಈಗ ಕಣ್ಣು ಒಂದು ಹೇಳಿತು, ಬೆರಳು ಇನ್ನೊಂದು ಹೇಳಿತು. ಸ್ಪ್ಯಾನರು ಎರಡು ಸಲ ಜಾರಿತು. ಐದು ನಿಮಿಷವಾದರೂ ಎರಡನೆಯ ನಟ್ಟು ಸಡಿಲವಾಗಲಿಲ್ಲ. ಯಾರೋ ಹಿಂದೆ ಕೆಮ್ಮಿದರು. ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಓಡಿತು. ಕೊನೆಯ ನಟ್ಟು ಬಂದಾಗ ಭಾರ ಪಟ್ಟಿಯ ಮೇಲೆ ಕೂತಿತು, ಭುಜದ ಮೇಲೆ ಏನೂ ಬೀಳಲಿಲ್ಲ. ಅವನು ಅಭ್ಯಾಸದ ಮೇಲೆ ಬಿಗಿಹಿಡಿದಿದ್ದ ಉಸಿರನ್ನು ತಡವಾಗಿ ಬಿಟ್ಟ.

"ಹತ್ತೊಂಬತ್ತು ನಿಮಿಷ," ಎಂದ ಸಿದ್ಧಾರೂಢ. ಸಾಹೇಬರು ನಕ್ಕರು. ಹೊಳೆಪ್ಪನೂ ನಕ್ಕ. ಸವಿತಾ ನಗಲಿಲ್ಲ.

ಮೂರು ತಿಂಗಳಾದ ಮೇಲೆ, ಹನ್ನೆರಡು ಡಬ್ಬಿಗಳಿಗೆ ಅಂಥ ಫಲಕ ಕೂರಿಸಿ ಓಡಿಸಿ ನೋಡಲು ಅಪ್ಪಣೆ ಬಂತು. ಕಾಗದದಲ್ಲಿ ಯಾರ ಹೆಸರೂ ಇರಲಿಲ್ಲ, ಶೆಡ್ಡಿನ ಸಿಬ್ಬಂದಿ ಎಂದಷ್ಟೇ ಇತ್ತು. ಸಿದ್ಧಾರೂಢ ಅದನ್ನು ಓದಿ ಹೇಳಿದಾಗ ಸವಿತಾ, "ಇರ್ಲಿ ಬಿಡ್ರಿ," ಎಂದಳು; ಆದರೆ ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ಹಳೆಯ ಡಬ್ಬಿಗಳು ಇನ್ನೂ ಸಾವಿರಗಟ್ಟಲೆ ಓಡುತ್ತಿದ್ದವು, ಕೆಡುತ್ತಲೂ ಇದ್ದವು. ಹೊಳೆಪ್ಪನಿಗೆ ಕೆಲಸ ಕಡಿಮೆಯಾಗಲಿಲ್ಲ. ಬೇರೆ ಶೆಡ್ಡಿನಿಂದ ಅವನಿಗೆ ಕರೆ ಬಂದಾಗ ಸವಿತಾ ತಾನಾಗಿ ಕೇಳಿದಳು: "ನಾನೂ ಬರ್ಲೇನ್ರಿ? ಕೆಳಗ ಹ್ಯಾಂಗ ಕೈ ಹಾಕ್ತೀರಿ ನೋಡಬೇಕು. ನೀವು ರಿಟೈರ್ ಆದಮ್ಯಾಲೂ ಈ ಹಳೇ ಡಬ್ಬಿ ಬರ್ತಾವು." ಸೈಡಿಂಗಿನ ದಿನದಿಂದ ಅವಳು ಅವನೊಂದಿಗೆ ಮುಂದಾಗಿ ಮಾತು ತೆಗೆದದ್ದು ಅದೇ ಮೊದಲು. ಅವನು ಹೂಂ ಎಂದ. ಅಂದು ಇಬ್ಬರೂ ಒಂದೇ ಡಬ್ಬಿಯ ಕೆಳಗೆ ಅಕ್ಕಪಕ್ಕ ಅಂಗಾತ ಮಲಗಿದರು. ಹೊಳೆಪ್ಪ ಪ್ರತಿ ನಟ್ಟಿನ ಜಾಗವನ್ನೂ ಬಾಯಲ್ಲಿ ಹೇಳುತ್ತ ಹೋದ; ಹೇಳಲು ಮಾತು ಸಾಲದಾದಾಗ ಅವಳ ಮಣಿಕಟ್ಟು ಹಿಡಿದು ಸಂದಿಯೊಳಗೆ ಒಯ್ದು ಬಿಟ್ಟ.

ವರ್ಷ ಕಳೆಯುವ ಮೊದಲು, ಆ ಹನ್ನೆರಡರಲ್ಲಿ ಒಂದು ಡಬ್ಬಿ ಗಾಲಿಯ ದುರಸ್ತಿಗೆಂದು ಗುಡಗೇರಿಗೆ ಮರಳಿ ಬಂತು. ಎಲ್ಲೆಲ್ಲಿ ಓಡಾಡಿ ಬಂದಿತ್ತೋ, ಮೈಮೇಲೆ ಬೂದು ಸಿಮೆಂಟಿನ ಪುಡಿ, ಅದರ ಕೆಳಗೆ ಯಾವುದೋ ಊರಿನ ಕೆಂಪು ಮಣ್ಣು. ಹೊಳೆಪ್ಪ ರೂಢಿಯಂತೆ ಸುತ್ತ ಬಂದು ನೋಡಿದ. ವಾಲ್ವು ತಾವು ಕೂರಿಸಿದ್ದಲ್ಲ, ಬೇರೆಯದು. ನಟ್ಟುಗಳ ಮೇಲೆ ಬೇರೆ ಯಾರದೋ ಸ್ಪ್ಯಾನರಿನ ಹೊಸ ಗುರುತುಗಳಿದ್ದವು.

"ಸವಿತಾ, ಇಲ್ಲಿ ಬಾ. ಎಲ್ಲೋ ಯಾರೋ ಬಿಚ್ಚಿ ಹಚ್ಯಾರ ನೋಡು."

ಅವಳು ಬಂದು ಬಗ್ಗಿ ನೋಡಿದಳು. ಬೆರಳಿನಿಂದ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿದಳು.

"ಒಂದಕ್ಕ ವಾಶರ್ ಹಾಕಿಲ್ರಿ," ಎಂದಳು.

"ಅವಸರದ ಮಂದಿ," ಎಂದು ಗೊಣಗಿ ಹೊಳೆಪ್ಪ ಜೇಬಿನಲ್ಲಿ ಕೈ ಹಾಕಿ ವಾಶರ್ ಹುಡುಕತೊಡಗಿದ.